ಬಂಗು, ಮುಲಾಮು ಮತ್ತು ಹತ್ತು ಪ್ರಶ್ನೆಗಳು

ಬಸುರಿಯಾಗಿದ್ದಾಗ ಕೆನ್ನೆಯ ಮೇಲೆ ತೆಳುವಾಗಿ ಕಾಣಿಸಿಕೊಂಡ ಬಂಗು, ಹೆರಿಗೆಯಾದ ಮೇಲೆ ತಾನಾಗಿಯೇ ಹೋಗುತ್ತದೆ ಎಂದು ಎಲ್ಲರೂ ಹೇಳಿದ್ದರೂ ನನಗೆ ಹೋಗಲಿಲ್ಲ. ನಾಮಕರಣಕ್ಕೆ ಬಂದವರು ತೊಟ್ಟಿಲಿಗೆ ಬಗ್ಗುವ ಮೊದಲೇ "ಇದೇನೇ, ಮುಖ ಹೀಗಾಗಿದೆ?" ಎಂದು ಕೇಳಿದರು. ಒಬ್ಬರು ನಿಂಬೆರಸ ಹಚ್ಚಲು ಹೇಳಿದರೆ, ಇನ್ನೊಬ್ಬರು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಒಂದು ಮುಲಾಮಿನ ಹೆಸರು ಬರೆದುಕೊಟ್ಟರು.

ಹದಿನೈದೇ ದಿನಗಳಲ್ಲಿ ಮುಖ ತಿಳಿಯಾಯಿತು. ಹಚ್ಚುವುದನ್ನು ಬಿಟ್ಟ ವಾರದೊಳಗೆ ಕೆನ್ನೆಗಳು ಕೆಂಪಾಗಿ, ಒಲೆಯ ಮುಂದೆ ನಿಂತರೂ ಉರಿಯತೊಡಗಿದವು. ಮತ್ತೆ ಹಚ್ಚಿದರೆ ಶಮನ. ಅದರಲ್ಲಿದ್ದ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸಿ, ಕ್ರಮೇಣ ಅದನ್ನು ತನಗೇ ಒಗ್ಗಿಸಿಕೊಳ್ಳುತ್ತದೆ ಎಂಬುದು ನನಗೆ ತಿಳಿದದ್ದು ಹದಿನಾಲ್ಕು ತಿಂಗಳ ನಂತರ. ಇಂಥ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ನಿಯಮ ಮಾಡಿದೆ.

ಆ ತಿಂಗಳುಗಳಲ್ಲಿ ನಾನು ಬಚ್ಚಲ ಕನ್ನಡಿಯ ಮೇಲಿನ ಬಲ್ಬನ್ನು ತೆಗೆಸಿದ್ದೆ. ಕಚೇರಿಯ ವಿಡಿಯೋ ಸಭೆಗಳಲ್ಲಿ ಕ್ಯಾಮೆರಾ ಹಾಕುತ್ತಿರಲಿಲ್ಲ. ತಂಗಿಯ ಮದುವೆಯ ಫೋಟೋಗಳಲ್ಲೆಲ್ಲ ಮಗಳನ್ನು ಕೆನ್ನೆಗೆ ಆನಿಸಿಕೊಂಡು ನಿಂತಿದ್ದೇನೆ. ನೋಡಿದವರು ಮುದ್ದು ಎಂದುಕೊಳ್ಳುತ್ತಾರೆ, ನಾನು ಮುಚ್ಚಿಕೊಳ್ಳುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಕೊನೆಗೆ ಹೋದ ಚರ್ಮವೈದ್ಯೆ ಮುಖ ಪರೀಕ್ಷಿಸಿದ ಮೇಲೆ ಒಂದು ಹಾಳೆ ಕೊಟ್ಟರು. ಅದು 1994ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿರುವ, ಚರ್ಮದ ತೊಂದರೆ ಬದುಕನ್ನು ಎಷ್ಟು ಕಾಡಿದೆ ಎಂದು ಅಳೆಯುವ ಹತ್ತು ಪ್ರಶ್ನೆಗಳ ಪಟ್ಟಿ. ಕಳೆದ ವಾರ ಚರ್ಮದಿಂದಾಗಿ ಎಷ್ಟು ಮುಜುಗರವಾಯಿತು ಎಂಬ ಎರಡನೆಯ ಪ್ರಶ್ನೆಗೇ ಪೆನ್ನು ನಿಂತಿತು. 30ಕ್ಕೆ 19 ಅಂಕ ಬಂದಿತ್ತು. ಅಲ್ಲಿ ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು. "ರಾತ್ರಿ ನಿದ್ದೆ ಬರುತ್ತದೆಯೇನಮ್ಮ?" ಎಂದು ಅವರು ಕೇಳಿದಾಗ ಅತ್ತುಬಿಟ್ಟೆ. ಹೆರಿಗೆಯ ನಂತರದ ಖಿನ್ನತೆ ಇರಬಹುದೆಂದು ಅವರೇ ಮನೋವೈದ್ಯರ ಬಳಿ ಕಳುಹಿಸಿದರು, ಅದು ನಿಜವೂ ಆಗಿತ್ತು. ಬಂಗು ಮನಸ್ಸನ್ನು ಕುಗ್ಗಿಸಿತೋ, ಕುಗ್ಗಿದ ಮನಸ್ಸಿಗೆ ಬಂಗು ಅಷ್ಟು ದೊಡ್ಡದಾಗಿ ಕಂಡಿತೋ ಎಂದು ಬಿಡಿಸಿ ಹೇಳಲಾರೆ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ನಡೆಯಿತು.

ಬಂಗು ಪೂರ್ತಿ ಹೋಗಿಲ್ಲ, ಬೇಸಿಗೆಯಲ್ಲಿ ಮರಳುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಅದನ್ನು ಕೆರಳಿಸುವುದರಿಂದ, ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಹಚ್ಚುತ್ತೇನೆ. ಸ್ಟೀರಾಯ್ಡ್ ಇರುವ ಮುಲಾಮನ್ನು ಈಗಲೂ ಹಚ್ಚುತ್ತಿರುವವರು ದಯವಿಟ್ಟು ಅದನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಚರ್ಮವೈದ್ಯರನ್ನು ಕಂಡು ಅವರು ಹೇಳಿದಂತೆ ಬಿಡಿ. ಅವರು ನಿದ್ದೆಯ ಬಗ್ಗೆ ಕೇಳದಿದ್ದರೆ ನೀವೇ ಹೇಳಿ. ಹೇಳಲು ಯಾರೂ ಇಲ್ಲವೆನಿಸಿದ ರಾತ್ರಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.