ಕಿವಿ ಕಾಣಬೇಕಂತೆ

“ತಲೆ ಮೇಲಿನದ್ದು ತೆಗೀರಿ ಅಮ್ಮಾ. ಪಾಸ್‌ಪೋರ್ಟ್ ಫೋಟೊ ಅಂದ್ರೆ ಕಿವಿ ಕಾಣಬೇಕು.”

ಸ್ಟುಡಿಯೊದ ಹುಡುಗ ಇದನ್ನು ಒರಟಾಗಿ ಹೇಳಲಿಲ್ಲ. ಗಲ್ಲ ಸ್ವಲ್ಪ ಕೆಳಗೆ, ಭುಜ ನೇರ ಅನ್ನುವ ಧಾಟಿಯಲ್ಲೇ ಹೇಳಿದ. ಸ್ಟೂಲಿನ ಮೇಲೆ ಕೂತಿದ್ದ ಅಮ್ಮ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆಗ ನಾನು ಆಡಿದ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

“ಒಂದೇ ನಿಮಿಷ ಅಲ್ವಾ ಅಮ್ಮ, ತೆಗೆದುಬಿಡು. ಇಲ್ಲಿ ಯಾರಿದ್ದಾರೆ?”

ಅಮ್ಮ ಎದ್ದಳು. ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಹೊರಟೇಬಿಟ್ಟಳು. ನಾನು ಹುಡುಗನಿಗೆ ಏನೋ ಗೊಣಗಿ ಅವಳ ಹಿಂದೆ ಓಡಿದೆ.

ನನಗೆ ನೆನಪಿರುವಾಗಿನಿಂದ ಅಮ್ಮ ಸ್ಕಾರ್ಫ್ ಇಲ್ಲದೆ ಹೊಸ್ತಿಲು ದಾಟಿದವಳಲ್ಲ. ನಾನು ಹಾಕುವುದಿಲ್ಲ. ಅದರ ಬಗ್ಗೆ ನಮ್ಮಿಬ್ಬರ ನಡುವೆ ಆಗಬೇಕಾದ ಜಗಳವೆಲ್ಲ ಎಂದೋ ಆಗಿ ಮುಗಿದಿದೆ. ಹಾಗಾಗಿ ಇದು ಸಲೀಸಾಗಿ ಆಗುವ ಕೆಲಸ ಎಂದುಕೊಂಡಿದ್ದೆ. ತಂಗಿ ಅಮೆರಿಕದಲ್ಲಿ ಬಸುರಿ. ಅಮ್ಮ ಹೋಗಬೇಕು. ಹೋಗಲಿಕ್ಕೆ ಪಾಸ್‌ಪೋರ್ಟ್ ಬೇಕು. ಅದಕ್ಕೆ ಒಂದು ಫೋಟೊ. ಅಷ್ಟೇ ಅಲ್ವಾ?

ಅರ್ಧ ದಾರಿಯವರೆಗೂ ಅಮ್ಮ ಮಾತಾಡಲಿಲ್ಲ. ಆಮೇಲೆ ಶುರು ಮಾಡಿದಳು.

“ಒಂದು ನಿಮಿಷ ಅಂದ್ಯಲ್ಲ. ಆ ಫೋಟೊ ಹತ್ತು ವರ್ಷ ಇರುತ್ತೆ. ಹೋದ ಕಡೆಯೆಲ್ಲ ಒಬ್ಬೊಬ್ಬರು ಪುಸ್ತಕ ಬಿಡಿಸಿ ನೋಡ್ತಾರೆ. ಲೆಕ್ಕ ಹಾಕು, ಎಷ್ಟು ನಿಮಿಷ ಆಯ್ತು?”

ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವಳು. ನಾನು ಸುಮ್ಮನಿದ್ದೆ.

“ಇನ್ನೂ ಒಂದು. ಫೋಟೊದಲ್ಲಿ ಬರೀ ತಲೆ, ಎದುರಿಗೆ ನಿಂತವಳ ತಲೆ ಮೇಲೆ ಸ್ಕಾರ್ಫ್. ಆಗ ಅವನು ಏನಂತಾನೆ? ಇದನ್ನೂ ತೆಗಿ ಅಂತಾನೆ. ಹೋದಲ್ಲೆಲ್ಲ ತೆಗಿ ಅಂತಾನೆ.”

ಆ ರಾತ್ರಿ ನಿಯಮ ಹುಡುಕಿಕೊಂಡು ಕೂತೆ. ಪಾಸ್‌ಪೋರ್ಟ್ ಹೇಗಿರಬೇಕು ಅನ್ನುವುದಕ್ಕೆ ಎಲ್ಲ ದೇಶಗಳೂ ನೋಡುವ ಒಂದು ದಾಖಲೆ ಇದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯದ್ದು, ಸಂಖ್ಯೆ 9303. ತಲೆ ಮೇಲೆ ಏನೂ ಇರಬಾರದು ಎಂದೇ ಅದು ಶುರುವಾಗುತ್ತದೆ. ಆದರೆ ಧರ್ಮ, ಕಾಯಿಲೆ, ಸಂಸ್ಕೃತಿ ಇಂಥ ಕಾರಣಕ್ಕೆ ಆಯಾ ದೇಶ ಒಪ್ಪಿದರೆ ಇರಬಹುದು. ಬ್ರಿಟನ್ ಧರ್ಮ ಮತ್ತು ಕಾಯಿಲೆಯ ಕಾರಣಕ್ಕೆ ಒಪ್ಪುತ್ತದೆ. ಅಮೆರಿಕ ತನ್ನ ಪಾಸ್‌ಪೋರ್ಟಿಗೆ ಒಂದು ಸಹಿ ಮಾಡಿದ ಕಾಗದ ಕೇಳುತ್ತದೆ: ಇದು ನನ್ನ ಧರ್ಮದ ಉಡುಪು, ಮನೆಯಾಚೆ ಯಾವಾಗಲೂ ಹಾಕುತ್ತೇನೆ ಅಂತ. ಒಪ್ಪುವ ಕಡೆಯೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ. ಗಲ್ಲದಿಂದ ಹಣೆಯವರೆಗೆ ಮುಖ ಪೂರ್ತಿ ಕಾಣಬೇಕು, ಬಟ್ಟೆಯ ನೆರಳು ಮುಖದ ಮೇಲೆ ಬೀಳಬಾರದು. ನಮ್ಮ ಅರ್ಜಿಯ ಜೊತೆಗಿದ್ದ ಸೂಚನೆಯೂ ಹಾಗೇ ಇತ್ತು. ಕಿವಿಯ ಸುದ್ದಿಯೇ ಇಲ್ಲ.

ಹಾಗಾದರೆ ಕಿವಿ ಎಲ್ಲಿಂದ ಬಂತು? ಒಂದು ಕಾಲದಲ್ಲಿ ಕಿವಿ ಕೇಳುತ್ತಿದ್ದದ್ದು ನಿಜ. 2004ರವರೆಗೂ ಅಮೆರಿಕದ ವಲಸೆ ಕಾಗದಪತ್ರಗಳಿಗೆ ಮುಖ ಓರೆಮಾಡಿ, ಬಲಗಿವಿ ಕಾಣುವ ಹಾಗೆ ಫೋಟೊ ತೆಗೆಸಬೇಕಿತ್ತು. ಆ ಹುಡುಗ 2004ರಲ್ಲಿ ಒಂದನೇ ಕ್ಲಾಸಿಗೂ ಸೇರಿರಲಿಕ್ಕಿಲ್ಲ. ಯಾರೋ ಹೇಳಿಕೊಟ್ಟಿದ್ದನ್ನು ಅವನು ನನಗೆ ಹೇಳಿದ. ನಾನು ಅದನ್ನೇ ನಂಬಿ ಅಮ್ಮನಿಗೆ ಹೇಳಿದೆ.

ಹುಡುಕುತ್ತಾ ಇನ್ನೊಂದು ಸಿಕ್ಕಿತು. ಫ್ರಾನ್ಸಿನಲ್ಲಿ ಒಬ್ಬ ಸಿಖ್ಖರು ಪೇಟ ತೆಗೆದು ಫೋಟೊ ಕೊಡಲು ಒಪ್ಪದ್ದಕ್ಕೆ ಅವರಿಗೆ ಪಾಸ್‌ಪೋರ್ಟ್ ಸಿಗಲಿಲ್ಲ. ದೂರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಹೋಯಿತು. 2013ರಲ್ಲಿ ಸಮಿತಿ ಅವರ ಪರವಾಗಿ ಹೇಳಿತು. ಕಾರಣ ಓದಿ ನಾನು ನೆಟ್ಟಗೆ ಕೂತೆ. ಪೇಟ ತೆಗೆಯುವುದು ಒಂದೇ ಸಲ ಅನ್ನಿಸಬಹುದು. ಆದರೆ ಫೋಟೊದಲ್ಲಿ ಅವರು ಯಾವಾಗಲೂ ಪೇಟ ಇಲ್ಲದೆಯೇ ಇರುತ್ತಾರೆ, ಮುಂದೆ ತಪಾಸಣೆಯ ಹೊತ್ತಲ್ಲೂ ತೆಗೆಯಬೇಕಾಗಿ ಬರಬಹುದು. ಅಮ್ಮ ರಸ್ತೆ ಬದಿಯಲ್ಲಿ ಹೇಳಿದ್ದು ಇದನ್ನೇ ಅಲ್ವಾ! ಬೆಳಿಗ್ಗೆ ಓದಿ ಹೇಳಿದೆ. “ಇದಕ್ಕೆ ಸಮಿತಿ ಬೇಕಿತ್ತಾ?” ಅಂದಳು.

ಸೂಚನೆಯ ಹಾಳೆಯನ್ನು ಪ್ರಿಂಟ್ ಹಾಕಿಸಿದೆ. ಅಮ್ಮ ಅದನ್ನು ನಾಲ್ಕಾಗಿ ಮಡಚಿ ಬ್ಯಾಗಿನಲ್ಲಿಟ್ಟಳು. ಇನ್ನೊಂದು ಸ್ಟುಡಿಯೊಗೆ ಹೋದೆವು. ಅಲ್ಲಿದ್ದವರು ವಯಸ್ಸಾದವರು. ಹಾಳೆ ಬಿಚ್ಚಿ ಕೊಟ್ಟರೆ “ಗೊತ್ತು, ಗೊತ್ತು” ಅಂತ ಕೈ ಆಡಿಸಿ ಕ್ಲಿಕ್ ಮಾಡಿಯೇಬಿಟ್ಟರು. ಜಗಳಕ್ಕೆ ಸಿದ್ಧವಾಗಿ ಹೋಗಿದ್ದ ನನಗೆ ಒಂಥರಾ ನಿರಾಸೆ.

ಮನೆಗೆ ಬಂದು ಅರ್ಜಿಗೆ ಫೋಟೊ ಹಾಕಿದೆ. ತಿರಸ್ಕಾರ! ಎರಡನೇ ಸಲವೂ ತಿರಸ್ಕಾರ. ನನಗೆ ರೇಗಿತು. ನೋಡಿದ್ಯಾ, ನಿಯಮದಲ್ಲಿ ಒಂದು, ಒಳಗೆ ಇನ್ನೊಂದು ಅಂತ ಕೂಗಾಡಿದೆ. ಬರೆಯಬೇಕಾದ ದೂರಿನ ಮೊದಲ ಸಾಲು ಕೂಡ ತಲೆಯಲ್ಲಿ ತಯಾರಾಯಿತು. ಅಮ್ಮ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದಳು.

“ನನ್ನ ತಲೆ ಎಲ್ಲೇ?”

ಬಿಳಿ ಸ್ಕಾರ್ಫ್, ಬಿಳಿ ಗೋಡೆ. ತಲೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತ ನಮಗೇ ಗೊತ್ತಾಗುತ್ತಿರಲಿಲ್ಲ. ಹಾಲಿನಲ್ಲಿ ಮುಖವೊಂದು ತೇಲುತ್ತಿದ್ದ ಹಾಗಿತ್ತು. ಪರದೆಯ ಮೇಲಿದ್ದ ಸಾಲನ್ನು ಈಗ ಸಮಾಧಾನವಾಗಿ ಓದಿದೆ. ತಲೆಯ ಅಂಚು ಸ್ಪಷ್ಟವಾಗಿಲ್ಲ ಅಂತ ಇತ್ತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮರುದಿನ ಕಡು ನೀಲಿ ಸ್ಕಾರ್ಫ್. ಅದೇ ಸ್ಟುಡಿಯೊ. ಈ ಸಲ ಯಜಮಾನರಿಗೂ ಹುರುಪು ಬಂದಿತ್ತು, ಅವರ ಫೋಟೊ ತಿರಸ್ಕಾರ ಆಗಿತ್ತಲ್ಲ! ಸ್ಕಾರ್ಫ್ ಒಂದು ಬೆರಳಿನಷ್ಟು ಹಿಂದೆ ಸರಿಸಲು ಹೇಳಿದರು. ಅಂಚಿನ ನೆರಳು ಹುಬ್ಬಿನ ಮೇಲೆ ಬೀಳುತ್ತಿತ್ತಂತೆ. ಅಮ್ಮನ ತೊಡೆ ಮೇಲೆ ಒಂದು ಬಿಳಿ ರಟ್ಟು ಇಟ್ಟರು. ಬೆಳಕು ಅದಕ್ಕೆ ತಾಗಿ ಕೆಳಗಿನಿಂದ ಮುಖಕ್ಕೆ ಬಂತು, ನೆರಳು ಮಾಯ.

ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸುವಾಗ ಅವರು ನಿಂತುಬಿಟ್ಟರು. 45 ಮಿಲಿಮೀಟರ್ ಎತ್ತರದ ಫೋಟೊದಲ್ಲಿ ಗಲ್ಲದಿಂದ ನೆತ್ತಿಯವರೆಗೆ ಸುಮಾರು 32ರಿಂದ 36 ಮಿಲಿಮೀಟರ್ ಇರಬೇಕು. ಆದರೆ ನೆತ್ತಿ ಎಲ್ಲಿದೆ? ಒಳಗೆ ಅಮ್ಮನ ತುರುಬು. ಅದು ಬಟ್ಟೆಯನ್ನು ಮೇಲಕ್ಕೆತ್ತಿತ್ತು. ಬಟ್ಟೆಯ ತುದಿಯವರೆಗೆ ಅಳೆದರೆ ಮುಖ ಸಣ್ಣದಾಗುತ್ತದೆ. “ಪೇಟ ಕಟ್ಟಿದವರು ಬಂದರೂ ಇದೇ ಪಜೀತಿ” ಅಂದರು. ಕೊನೆಗೆ ಅಮ್ಮನನ್ನೇ ಕೇಳಿದರು. ಅಮ್ಮ ಸ್ಕಾರ್ಫಿನ ಮೇಲೆ ಬೆರಳು ಒತ್ತಿ ಹೇಳಿದಳು.

“ಇಲ್ಲಿ. ಇದರ ಮೇಲಿರೋದೆಲ್ಲ ಕೂದಲು.”

ಅಲ್ಲಿಂದ ಅಳೆದರು. ಫೋಟೊ ಸ್ವೀಕಾರವಾಯಿತು.

ಕಚೇರಿಗೆ ಕರೆದ ದಿನ ಅಮ್ಮ ಆ ಹಾಳೆಯನ್ನು ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಿದ್ದಳು. ಕೌಂಟರಿನಾಕೆ ಫೋಟೊ ನೋಡಿದರು, ಅಮ್ಮನನ್ನು ನೋಡಿದರು, ಮುಂದಿನ ಪುಟಕ್ಕೆ ಹೋದರು. ಸ್ಕಾರ್ಫ್ ಬಗ್ಗೆ ಒಂದು ಮಾತೂ ಇಲ್ಲ. ಬೆರಳು ಇಡಿ ಅಂದರು.

ಬೆರಳಚ್ಚು ಬರಲಿಲ್ಲ. ಒಂದು ಸಲ, ಎರಡು ಸಲ, ನಾಲ್ಕು ಸಲ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ, ಅದಕ್ಕಿಂತ ಜಾಸ್ತಿ ವರ್ಷ ಪಾತ್ರೆ ತಿಕ್ಕಿದ ಬೆರಳುಗಳು. ಗೆರೆಗಳೇ ಸವೆದಿದ್ದವು. “ಕೈ ಉಜ್ಜಿಕೊಳ್ಳಿ ಅಮ್ಮಾ, ಸ್ವಲ್ಪ ಬಿಸಿಯಾಗಲಿ” ಅಂದರು ಅವರು. ಅಮ್ಮ ಅಂಗೈ ಉಜ್ಜುತ್ತಾ ನನ್ನ ಕಡೆ ಬಾಗಿ ಪಿಸುಗುಟ್ಟಿದಳು.

“ಇದಕ್ಕೆ ಹಾಳೆ ತಂದಿದ್ದೀಯಾ?”