ಡಿಸ್ನಿ ಜಗಳದಲ್ಲಿ ಮಕ್ಕಳ ಮಾತು ಎಲ್ಲಿ ಹೋಯ್ತು?

ಊರಿನವರಿಗೆ ಡಿಸ್ನಿ ಎಂದರೆ ಮಿಕ್ಕಿ ಮೌಸ್, ರಾಜಕುಮಾರಿಯರು, ರಾತ್ರಿಯ ಪಟಾಕಿ. ಅಮೆರಿಕದ ಫ್ಲೋರಿಡಾ ರಾಜ್ಯದ ಆರ್ಲ್ಯಾಂಡೊದಲ್ಲಿರುವ ನಮಗೆ ಅದು ಅಕ್ಕಪಕ್ಕದವರ ಸಂಬಳ. ಇಲ್ಲಿನ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಸುಮಾರು 75,000 ಜನ ದುಡಿಯುತ್ತಾರೆ. ಬಸ್ ಓಡಿಸುವವರು, ಹೋಟೆಲ್ ಅಡುಗೆಯವರು, ರೂಮ್ ಕ್ಲೀನ್ ಮಾಡುವವರು, ಸೆಕೆಯಲ್ಲಿ ವೇಷ ಹಾಕಿಕೊಂಡು ಮಕ್ಕಳ ಜೊತೆ ಫೋಟೋಗೆ ನಿಲ್ಲುವವರು. ಎಲ್ಲರನ್ನೂ ಕಂಪನಿ ‘ಕಾಸ್ಟ್ ಮೆಂಬರ್’ ಎಂದೇ ಕರೆಯುತ್ತದೆ. ಅಂಗಿಯ ಮೇಲೆ ಒಂದು ಹೆಸರಿನ ಪಟ್ಟಿ ಇರುತ್ತದೆ. ಮೇಲೆ ಹೆಸರು, ಕೆಳಗೆ ಅವರ ಊರು. ದಿನಸಿ ಅಂಗಡಿಯಲ್ಲಿ ಕ್ಯೂ ನಿಂತರೆ ಆ ಪಟ್ಟಿ ಹಾಕಿಕೊಂಡವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ.

ಅದಕ್ಕೇ 2022ರಲ್ಲಿ ಶುರುವಾದ ಡಿಸ್ನಿ ಗಲಾಟೆ ನಮಗೆ ಟಿವಿ ಸುದ್ದಿ ಆಗಿರಲಿಲ್ಲ. ಊರಿಂದ ಫೋನ್ ಬಂದಾಗಲೆಲ್ಲ ಈ ಪ್ರಶ್ನೆ ಇದ್ದೇ ಇರುತ್ತಿತ್ತು. “ಡಿಸ್ನಿಯವರು ಮಕ್ಕಳನ್ನ ಹಾಳು ಮಾಡ್ತಿದ್ದಾರಂತಲ್ಲಮ್ಮ, ಅಲ್ಲಿಗೆ ಕರ್ಕೊಂಡು ಹೋಗ್ಬೇಡ” ಎಂದು ದಾವಣಗೆರೆಯ ಸೋದರಮಾವ ಹೇಳಿದ್ದರು. ಅವರಿಗೆ ವಾಟ್ಸಾಪ್‌ನಲ್ಲಿ ಬಂದದ್ದು ಅಷ್ಟೇ. ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ವರ್ಷ ಫ್ಲೋರಿಡಾ ಶಾಸನಸಭೆಗೆ ಒಂದು ಮಸೂದೆ ಬಂತು. ಕಿಂಡರ್‌ಗಾರ್ಟನ್‌ನಿಂದ ಮೂರನೇ ಕ್ಲಾಸಿನವರೆಗೆ ಲೈಂಗಿಕ ಒಲವು, ಲಿಂಗ ಗುರುತು ಈ ವಿಷಯಗಳ ಬಗ್ಗೆ ಪಾಠ ಮಾಡುವ ಹಾಗಿಲ್ಲ ಎನ್ನುವುದು ಅದರ ಸಾರ. ನಿಯಮ ಮುರಿದರೆ ತಂದೆ ತಾಯಿ ಶಾಲಾ ಜಿಲ್ಲೆಯ ಮೇಲೆ ಕೇಸು ಹಾಕಬಹುದು. ಪರವಾಗಿದ್ದವರು ಇದನ್ನು ಪೋಷಕರ ಹಕ್ಕು ಎಂದರು. ಇದು ‘ಗೇ ಅನ್ನಬೇಡಿ’ ಕಾನೂನು ಅಂದರು ವಿರೋಧಿಸಿದವರು. ಇಷ್ಟು ಚಿಕ್ಕ ಮಕ್ಕಳಿಗೆ ಅದೆಲ್ಲ ಯಾಕೆ ಎಂದು ಕೇಳುವ ಪೋಷಕರ ಅಳುಕು ನನಗೆ ಅರ್ಥವಾಗುತ್ತದೆ. ನನಗೂ ಮಗಳಿದ್ದಾಳೆ. ತೊಂದರೆ ಇದ್ದದ್ದು ಕಾನೂನಿನ ಅಸ್ಪಷ್ಟತೆಯಲ್ಲಿ. ಯಾವುದು ಪಾಠ, ಯಾವುದು ಬರೀ ಮಾತು ಎಂದು ಶಿಕ್ಷಕರಿಗೆ ಯಾರೂ ಹೇಳಲಿಲ್ಲ.

ಡಿಸ್ನಿ ಮೊದಲು ಬಾಯಿ ಬಿಡಲಿಲ್ಲ. ಮಸೂದೆ ತಂದ ರಾಜಕಾರಣಿಗಳಿಗೆ ಇದೇ ಕಂಪನಿ ದೇಣಿಗೆ ಕೊಟ್ಟಿತ್ತು ಎಂದು ಇಲ್ಲಿನ ‘ಆರ್ಲ್ಯಾಂಡೊ ಸೆಂಟಿನೆಲ್’ ಪತ್ರಿಕೆ ಬರೆಯಿತು. ನೌಕರರಿಗೆ ಸಿಟ್ಟು ಬಂತು. ಕಂಪನಿ ಹೇಳಿಕೆ ಕೊಟ್ಟ ಮಾತ್ರಕ್ಕೆ ಯಾರ ಮನಸ್ಸೂ ಬದಲಾಗುವುದಿಲ್ಲ ಎಂಬ ಅರ್ಥ ಬರುವಂತೆ ಆಗಿನ ಮುಖ್ಯಸ್ಥ ಬಾಬ್ ಚೇಪೆಕ್ ಅವರಿಗೆಲ್ಲ ಪತ್ರ ಬರೆದರು. ಸಿಟ್ಟು ಇನ್ನೂ ಜಾಸ್ತಿ ಆಯಿತು. ಎರಡೇ ದಿನಕ್ಕೆ, ಮಾರ್ಚ್ 9ರ ಷೇರುದಾರರ ಸಭೆಯಲ್ಲಿ, ‘ನಾವು ಮೊದಲಿಂದಲೂ ಇದರ ವಿರುದ್ಧವೇ ಇದ್ದೆವು’ ಎಂಬ ಧಾಟಿಯಲ್ಲಿ ಮಾತಾಡಿದರು. 50 ಲಕ್ಷ ಡಾಲರ್ ದೇಣಿಗೆ ಕೊಡುತ್ತೇವೆ ಎಂದರು. ಲಿಂಗತ್ವ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ ಹ್ಯೂಮನ್ ರೈಟ್ಸ್ ಕ್ಯಾಂಪೇನ್, ‘ಮೊದಲು ಕೆಲಸ ಮಾಡಿ ತೋರಿಸಿ’ ಎಂದು ಆ ಹಣ ಮುಟ್ಟಲಿಲ್ಲ. ಮಾರ್ಚ್ 11ಕ್ಕೆ ಚೇಪೆಕ್ ಕ್ಷಮೆ ಕೇಳಿದರು. 22ಕ್ಕೆ ನೌಕರರು ಕೆಲಸ ಬಿಟ್ಟು ಹೊರಗೆ ಬಂದರು. 28ಕ್ಕೆ ಗವರ್ನರ್ ರಾನ್ ಡಿಸಾಂಟಿಸ್ ಸಹಿ ಹಾಕಿ ಮಸೂದೆ ಕಾನೂನಾಯಿತು. ಇಲ್ಲಿ ಗವರ್ನರ್ ಅಂದರೆ ನಮ್ಮಲ್ಲಿನ ಮುಖ್ಯಮಂತ್ರಿ ಇದ್ದ ಹಾಗೆ. ಅದೇ ದಿನ ಡಿಸ್ನಿ, ಈ ಕಾನೂನು ರದ್ದಾಗುವವರೆಗೆ ಕೆಲಸ ಮಾಡುತ್ತೇವೆ ಎಂದು ಘೋಷಿಸಿತು.

ಅಲ್ಲಿಗೆ ಇನ್ನೊಂದು ಕಡೆಯವರು ಎದ್ದರು. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿರುವ ಮುಖ್ಯ ಕಚೇರಿ ಎದುರು ಪೋಷಕರು ಬೋರ್ಡು ಹಿಡಿದು ನಿಂತರು. ಡಿಸ್ನಿ ಬಹಿಷ್ಕರಿಸಿ ಎಂಬ ಕೂಗು ಊರೂರಲ್ಲಿ ಕೇಳಿಸಿತು. ಹೀಗೆ ಮೂರು ವಾರದ ಒಳಗೆ ಎರಡೂ ಕಡೆಯವರ ಕೈಲಿ ಬೈಸಿಕೊಂಡ ಕಂಪನಿ ಇನ್ನೊಂದು ನನಗೆ ಗೊತ್ತಿಲ್ಲ. ಕಂಪನಿ ಮಾತಾಡಿದ್ದು ತಪ್ಪು ಎಂದು ನನಗೆ ಅನಿಸುವುದಿಲ್ಲ. ಅದರ ಅಡುಗೆಮನೆ, ವೇದಿಕೆ, ಹೊಲಿಗೆ ಕೋಣೆ ಎಲ್ಲ ಕಡೆ ಲಿಂಗತ್ವ ಅಲ್ಪಸಂಖ್ಯಾತರು ದುಡಿಯುತ್ತಾರೆ. ಅವರ ದುಡಿಮೆಯ ಲಾಭ ಬೇಕು, ಅವರಿಗೆ ಕಷ್ಟ ಬಂದಾಗ ಒಂದು ಮಾತು ಆಡುವುದಕ್ಕೆ ಆಗುವುದಿಲ್ಲ ಅಂದರೆ ಹೇಗೆ? ಮಸೂದೆ ಚರ್ಚೆಯಲ್ಲಿದ್ದಾಗ ಆಡಬೇಕಿದ್ದ ಮಾತನ್ನು, ಎಲ್ಲ ಮುಗಿದ ಮೇಲೆ, ಒತ್ತಾಯಕ್ಕೆ ಆಡಿದರು. ಅದು ನನಗೆ ಇವತ್ತಿಗೂ ಬೇಜಾರು.

ಈ ಕಂಪನಿಯ ಮೇಲೆ ಜನ ಸಿಟ್ಟಾಗಿದ್ದು ಇದೇ ಮೊದಲಲ್ಲ. 1991ರಿಂದ ಪ್ರತಿ ಜೂನ್‌ನಲ್ಲಿ ಸಲಿಂಗಿಗಳು ಕೆಂಪು ಅಂಗಿ ತೊಟ್ಟು ಇಲ್ಲಿನ ಪಾರ್ಕಿಗೆ ಒಟ್ಟಾಗಿ ಬರುತ್ತಿದ್ದರು. ನೌಕರರ ಸಲಿಂಗಿ ಸಂಗಾತಿಗಳಿಗೂ ಡಿಸ್ನಿ ಆರೋಗ್ಯ ವಿಮೆ ಕೊಡಲು ಶುರು ಮಾಡಿತು. 1997ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಚರ್ಚಿನವರು ಬಹಿಷ್ಕಾರಕ್ಕೆ ಕರೆ ಕೊಟ್ಟರು. 2005ರಲ್ಲಿ ಅವರೇ ಅದನ್ನು ಕೈಬಿಟ್ಟರು. ಆಗ ಜನ ಟಿಕೆಟ್ ಕೊಳ್ಳದೆ ಸಿಟ್ಟು ತೋರಿಸಿದರು. ಅದು ಅವರ ಹಕ್ಕು. 2022ರಲ್ಲಿ ಸಿಟ್ಟು ತೋರಿಸಿದ್ದು ಸರ್ಕಾರ.

ಅದು ಹೇಗೆ ಅಂದರೆ, 1967ರಲ್ಲಿ ಫ್ಲೋರಿಡಾ ಡಿಸ್ನಿಗಾಗಿಯೇ ರೀಡಿ ಕ್ರೀಕ್ ಎಂಬ ವಿಶೇಷ ಜಿಲ್ಲೆ ಮಾಡಿಕೊಟ್ಟಿತ್ತು. ಸುಮಾರು 25,000 ಎಕರೆ. ಆಗ ಅದು ಜೌಗು ಭೂಮಿ, ಹುಲ್ಲುಗಾವಲು. ರಸ್ತೆ, ನೀರು, ಚರಂಡಿ, ಅಗ್ನಿಶಾಮಕ ದಳ, ಕಟ್ಟಡ ಪರವಾನಗಿ ಎಲ್ಲವನ್ನೂ ಆ ಜಿಲ್ಲೆಯೇ ನೋಡಿಕೊಳ್ಳುತ್ತಿತ್ತು. ಬೇಕಿದ್ದರೆ ವಿಮಾನ ನಿಲ್ದಾಣ, ಅಣು ವಿದ್ಯುತ್ ಸ್ಥಾವರ ಕಟ್ಟುವುದಕ್ಕೂ ಅಧಿಕಾರ ಇತ್ತು. ಒಂದು ಖಾಸಗಿ ಕಂಪನಿಗೆ ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ 55 ವರ್ಷ ಅದನ್ನು ಕೇಳದವರು, ಕಂಪನಿ ತಮ್ಮ ಕಾನೂನನ್ನು ಟೀಕಿಸಿದ ತಿಂಗಳೊಳಗೆ, ವಿಶೇಷ ಅಧಿವೇಶನದಲ್ಲಿ ಜಿಲ್ಲೆಯನ್ನೇ ರದ್ದು ಮಾಡಿದರು. 2022ರ ಏಪ್ರಿಲ್ 22ಕ್ಕೆ ಸಹಿ ಬಿತ್ತು.

ಆ ವಾರ ನಮ್ಮ ಬೀದಿಯಲ್ಲಿ ಇದ್ದದ್ದು ಒಂದೇ ಮಾತು. ರೀಡಿ ಕ್ರೀಕ್‌ಗೆ ಸುಮಾರು 100 ಕೋಟಿ ಡಾಲರ್ ಸಾಲವಿತ್ತು. ಜಿಲ್ಲೆ ಹೋದರೆ ಆ ಸಾಲ ಆರೆಂಜ್ ಮತ್ತು ಆಸಿಯೋಲಾ ಕೌಂಟಿಗಳ ತಲೆಗೆ. ಅಂದರೆ ನಮ್ಮ ಮನೆ ಕಂದಾಯಕ್ಕೆ. ಕೊನೆಗೆ ಹಾಗಾಗಲಿಲ್ಲ. 2023ರ ಫೆಬ್ರವರಿಯಲ್ಲಿ ಜಿಲ್ಲೆಯನ್ನು ಉಳಿಸಿಕೊಂಡು ಹೆಸರು ಬದಲಿಸಿದರು, ಆಡಳಿತ ಮಂಡಳಿಗೆ ಗವರ್ನರ್ ತಮ್ಮವರನ್ನು ಕೂರಿಸಿದರು. ಅಷ್ಟರಲ್ಲಿ ಹಳೇ ಮಂಡಳಿ ತನ್ನ ಕೆಲಸ ಮಾಡಿ ಮುಗಿಸಿತ್ತು. ಕುರ್ಚಿ ಬಿಡುವ ಮೊದಲೇ ಡಿಸ್ನಿ ಜೊತೆ ಒಪ್ಪಂದ ಮಾಡಿಕೊಂಡು ಮುಖ್ಯ ಅಧಿಕಾರಗಳನ್ನು ಕಂಪನಿಗೇ ಬರೆದುಕೊಟ್ಟಿತ್ತು. ಅದರಲ್ಲಿ ಒಂದು ಷರತ್ತಿನ ಅವಧಿ ಹೀಗಿತ್ತು: ಇಂಗ್ಲೆಂಡಿನ ರಾಜ ಮೂರನೇ ಚಾರ್ಲ್ಸ್ ವಂಶದಲ್ಲಿ ಈಗ ಬದುಕಿರುವವರ ಪೈಕಿ ಕೊನೆಯವರು ತೀರಿಕೊಂಡು 21 ವರ್ಷ ಆಗುವವರೆಗೆ! ಇದು ವಕೀಲರ ಹಳೇ ಉಪಾಯವಂತೆ. ಒಪ್ಪಂದ ಎಷ್ಟು ಸಾಧ್ಯವೋ ಅಷ್ಟು ಕಾಲ ಎಳೆಯಲಿ ಎಂದು ಬಹಳ ದಿನ ಬದುಕುವ, ಎಲ್ಲರಿಗೂ ಗೊತ್ತಿರುವ ಕುಟುಂಬದ ಹೆಸರು ಹಾಕುತ್ತಾರೆ. ಫ್ಲೋರಿಡಾದ ಚರಂಡಿಗೂ ಇಂಗ್ಲೆಂಡಿನ ಅರಮನೆಗೂ ಹೀಗೆ ನಂಟು ಬೆಳೆಯಿತು. ರಾಜ್ಯ ಆ ಒಪ್ಪಂದವನ್ನು ರದ್ದು ಮಾಡಿತು. ಡಿಸ್ನಿ ಕೋರ್ಟಿಗೆ ಹೋಯಿತು. 2023ರ ಮೇ ತಿಂಗಳಲ್ಲಿ ಲೇಕ್ ನೋನಾದಲ್ಲಿ ಕಟ್ಟಬೇಕಿದ್ದ ದೊಡ್ಡ ಕಚೇರಿಯ ಯೋಜನೆಯನ್ನೂ ಕೈಬಿಟ್ಟಿತು. ಅಲ್ಲಿಗೆ ಬರಬೇಕಿದ್ದ ಸುಮಾರು 2,000 ಕೆಲಸ ಬರಲಿಲ್ಲ. ಈ ನಡುವೆ ಚೇಪೆಕ್ ಕುರ್ಚಿಯೂ ಹೋಗಿ, ಹಳೇ ಮುಖ್ಯಸ್ಥ ಬಾಬ್ ಐಗರ್ ವಾಪಸ್ ಬಂದಿದ್ದರು.

ಈಗ ಶಾಲೆಯ ಕಡೆ ಬರುತ್ತೇನೆ. ಜಗಳ ಶುರುವಾಗಿದ್ದು ಅಲ್ಲಿಂದ, ಅಲ್ವಾ?

ಕಾನೂನು ಜಾರಿಯಾದ ವರ್ಷ ನನ್ನ ಮಗಳು ಎರಡನೇ ಕ್ಲಾಸು. ಅವಳ ಗೆಳತಿಗೆ ಇಬ್ಬರು ಅಮ್ಮಂದಿರು. ಒಬ್ಬರು ಪೋರ್ಟೊ ರಿಕೊದವರು, ಡಿಸ್ನಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಗಂಟೆ ಲೆಕ್ಕದ ಸಂಬಳ ಆದ್ದರಿಂದ ಅವರು ಆ ಮಾರ್ಚ್‌ನಲ್ಲಿ ಕೆಲಸ ಬಿಟ್ಟು ಹೊರಗೆ ಬಂದವರ ಜೊತೆ ಸೇರಲೂ ಆಗಿರಲಿಲ್ಲ. ಒಂದು ದಿನ ಮಕ್ಕಳಿಗೆ ‘ನನ್ನ ಕುಟುಂಬ’ ಎಂದು ಚಿತ್ರ ಬರೆಯಲು ಹೇಳಿದರು. ನನ್ನ ಮಗಳು ಅಜ್ಜಿಯನ್ನೂ ಸೇರಿಸಿ ಬರೆದಳು. ಆ ಹುಡುಗಿ ಗುಂಗುರು ಕೂದಲಿನ ಇಬ್ಬರು ಹೆಂಗಸರು, ಹಳದಿ ಕಾರು, ಕಾರಿಗಿಂತ ದೊಡ್ಡ ನಾಯಿ ಬರೆದಳು. ಎಲ್ಲರ ಚಿತ್ರವೂ ಗೋಡೆಗೆ ಹೋಯಿತು. ಅವಳದ್ದು ಮಾತ್ರ ನಾಲ್ಕು ಮಡಿಕೆ ಮಡಿಸಿ ಬ್ಯಾಗಿನಲ್ಲಿ ಮನೆಗೆ ಬಂತು.

ಆ ಟೀಚರ್ ಕೆಟ್ಟವರಲ್ಲ. ಗೋಡೆಗೆ ಹಾಕಿದರೆ ಅದು ಪಾಠವೋ ಅಲ್ಲವೋ ಗೊತ್ತಿಲ್ಲ, ಯಾರಾದರೂ ದೂರು ಕೊಟ್ಟರೆ ನನ್ನ ಕೆಲಸ ಹೋಗುತ್ತದೆ ಎಂದು ಆ ತಾಯಿಗೆ ಹೇಳಿದರಂತೆ. ಹೇಳುವಾಗ ಅವರ ಕಣ್ಣಲ್ಲೂ ನೀರು ಇತ್ತಂತೆ. ನಮ್ಮ ಮನೆಯ ಅಡುಗೆ ಕಟ್ಟೆಗೆ ಒರಗಿ ನಿಂತು ಆ ತಾಯಿ ನನಗೆ ಇದನ್ನು ಹೇಳಿದರು. ಅವರಿಗೆ ಸಿಟ್ಟಿಗಿಂತ ಗಾಬರಿ ಜಾಸ್ತಿ ಇತ್ತು. ಮಗಳು “ನಾನು ಏನು ತಪ್ಪು ಬರೆದೆ?” ಎಂದು ಕೇಳುತ್ತಲೇ ಇದ್ದಳಂತೆ. ಇದನ್ನೆಲ್ಲ ಸೋದರಮಾವನಿಗೆ ಹೇಳಿದಾಗ ಅವರು “ಇದೆಲ್ಲ ಆ ದೇಶದ್ದು, ನಮ್ಮಲ್ಲಿಲ್ಲ ಬಿಡಮ್ಮ” ಎಂದರು. ತೃತೀಯಲಿಂಗಿ ಕಲಾವಿದೆ ಜೋಗತಿ ಮಂಜಮ್ಮ ನಮ್ಮ ಜಾನಪದ ಅಕಾಡೆಮಿ ಅಧ್ಯಕ್ಷರಾಗಿದ್ದು, ಪದ್ಮಶ್ರೀ ಪಡೆದದ್ದು ನೆನಪಿಸಿದೆ. ಮಾವ ಅವರ ಕಾರ್ಯಕ್ರಮ ನೋಡಿದ್ದಾರೆ, ಮೆಚ್ಚಿಕೊಂಡಿದ್ದಾರೆ ಕೂಡ. ಸ್ವಲ್ಪ ಹೊತ್ತು ಸುಮ್ನೆ ಇದ್ದು, “ಆ ಮಗು ಈಗ ಹೇಗಿದೆ?” ಎಂದು ಕೇಳಿದರು.

2024ರ ಮಾರ್ಚ್‌ನಲ್ಲಿ ಎರಡು ರಾಜಿ ಆದವು. 27ನೇ ತಾರೀಖು ಡಿಸ್ನಿ ಮತ್ತು ಹೊಸ ಆಡಳಿತ ಮಂಡಳಿ ರಾಜಿ ಮಾಡಿಕೊಂಡವು. ಎಲ್ಲ ಟಿವಿಯಲ್ಲೂ ಬಂತು. ಜೂನ್‌ನಲ್ಲಿ ಹೊಸ ಒಪ್ಪಂದವೂ ಆಯಿತು. ಮುಂದಿನ ವರ್ಷಗಳಲ್ಲಿ ಡಿಸ್ನಿ ಇಲ್ಲಿ 1,700 ಕೋಟಿ ಡಾಲರ್‌ವರೆಗೆ ಬಂಡವಾಳ ಹಾಕಬಹುದು. ಕಂಪನಿಗೂ ಸರ್ಕಾರಕ್ಕೂ ಈಗ ದೋಸ್ತಿ. ಡಿಸ್ನಿಯ ಆ ರಾಜಿಗಿಂತ ಎರಡು ವಾರ ಮೊದಲು, ಮಾರ್ಚ್ 11ನೇ ತಾರೀಖು, ಇನ್ನೊಂದು ರಾಜಿ ಆಗಿತ್ತು. ಈಕ್ವಾಲಿಟಿ ಫ್ಲೋರಿಡಾ ಎಂಬ ಸಂಘಟನೆ, ಕೆಲವು ಕುಟುಂಬಗಳು ಮತ್ತು ವಿದ್ಯಾರ್ಥಿಗಳು ಸೇರಿ ಶಾಲಾ ಕಾನೂನಿನ ಮೇಲೆ ಹಾಕಿದ್ದ ಕೇಸಿನಲ್ಲಿ. ಕಾನೂನು ಉಳಿಯಿತು. ಆದರೆ ಪಾಠದ ಭಾಗವಲ್ಲದ ಮಾತಿಗೆ ಅದು ಅನ್ವಯಿಸುವುದಿಲ್ಲ ಎಂದು ರಾಜ್ಯ ಬರೆದುಕೊಟ್ಟಿತು. ಮಕ್ಕಳು ತಮ್ಮ ಕುಟುಂಬದ ಬಗ್ಗೆ ಮಾತಾಡಬಹುದು, ಬರೆಯಬಹುದು. ಟೀಚರ್ ಮೇಜಿನ ಮೇಲೆ ಸಂಗಾತಿಯ ಫೋಟೋ ಇಡಬಹುದು. ಇದಕ್ಕೆ ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಆ ಹುಡುಗಿ ಮೂರನೇ ಕ್ಲಾಸು ಮುಗಿಸುತ್ತಿದ್ದಳು. ನೋಡಿ, ಮಕ್ಕಳಿಗೆ ಸಿಕ್ಕ ಈ ಚೂರು ನೆಮ್ಮದಿಯಲ್ಲಿ ಡಿಸ್ನಿಯ ಕೇಸಿಗೆ ಪಾಲಿಲ್ಲ. ಅಲ್ಲಿ ರಾಜಿ ಆದದ್ದು ಜಮೀನಿನ ವಿಷಯದಲ್ಲಿ.

2025ರ ಸೆಪ್ಟೆಂಬರ್‌ನಲ್ಲಿ ಇದೇ ಕಂಪನಿಯ ಎಬಿಸಿ ಚಾನೆಲ್ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಅವರ ಕಾರ್ಯಕ್ರಮ ನಿಲ್ಲಿಸಿದಾಗ ಮತ್ತೆ ಗಲಾಟೆ ಆಯಿತು. ಬಲಪಂಥೀಯ ಕಾರ್ಯಕರ್ತ ಚಾರ್ಲಿ ಕರ್ಕ್ ಹತ್ಯೆಯ ನಂತರ ಕಿಮ್ಮೆಲ್ ಆಡಿದ ಮಾತಿಗೆ ಸರ್ಕಾರದ ಪ್ರಸಾರ ಆಯೋಗದ ಮುಖ್ಯಸ್ಥರು ಎಚ್ಚರಿಕೆ ಕೊಟ್ಟಿದ್ದರು. ಈ ಸಲ ಡಿಸ್ನಿ ಚಂದಾ ರದ್ದು ಮಾಡಿದವರು ಬೇರೆ ಜನ. ವಾರದೊಳಗೆ ಕಾರ್ಯಕ್ರಮ ವಾಪಸ್ ಬಂತು. ಗಟ್ಟಿ ಧ್ವನಿ ಇರುವ ಗಿರಾಕಿಗಳ ಮಾತು ಕಂಪನಿಗೆ ಬೇಗ ಕೇಳಿಸುತ್ತದೆ. ಎರಡನೇ ಕ್ಲಾಸಿನ ಹುಡುಗಿಗೆ ಅಂಥ ಧ್ವನಿ ಇಲ್ಲ.

ಮಕ್ಕಳ ಕೇಸಿನ ರಾಜಿಯ ಸೂಚನೆಯನ್ನು ಪ್ರತಿ ಶಾಲಾ ಜಿಲ್ಲೆಗೂ ಕಳಿಸಬೇಕು ಎಂದು ಒಪ್ಪಂದದಲ್ಲೇ ಇದೆ. ಆದರೂ ನಾನು ಮಾತಾಡಿಸಿದ ಟೀಚರ್‌ಗಳಲ್ಲಿ ಎಷ್ಟೋ ಜನರಿಗೆ ಅದು ಗೊತ್ತೇ ಇರಲಿಲ್ಲ. ನಿಮ್ಮ ಮಗಳೋ ತಮ್ಮನೋ ಫ್ಲೋರಿಡಾದಲ್ಲಿದ್ದು, ಅವರ ಮಕ್ಕಳು ಇಲ್ಲಿ ಶಾಲೆಗೆ ಹೋಗುತ್ತಿದ್ದರೆ ಒಂದು ಮಾತು ಹೇಳಿ: 2024ರ ಮಾರ್ಚ್ 11ರ ಆ ಒಪ್ಪಂದದ ಪ್ರತಿ ಶಾಲೆಯಲ್ಲಿದೆಯೇ ಎಂದು ಟೀಚರನ್ನು ವಿಚಾರಿಸಲಿ. ಇಲ್ಲ ಎಂದರೆ ಪ್ರಿಂಟ್ ತೆಗೆದುಕೊಂಡು ಹೋಗಿ ಕೊಡಲಿ.