ಭಾವ, ಸ್ವಲ್ಪ ಗಟ್ಟಿ ಹಿಡಿ

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ‘ಕೃಷ್ಣಾರ್ಜುನ ಕಾಳಗ’ ಯಕ್ಷಗಾನ ಪ್ರಸಂಗ ಅಂತ ತೀರ್ಮಾನವಾಯಿತು. ಹುಡುಗಿಯರದ್ದೇ ತಂಡ. ನಾನು ಅರ್ಜುನ. ಪಕ್ಕದ ಮನೆಯವಳು, ಶಾಲೆಯಲ್ಲೂ ನನ್ನದೇ ಬೆಂಚಿನವಳು, ಕೃಷ್ಣ. ಹೆಸರು ಹಾಕಬೇಡ ಮಾರಾಯ್ತಿ ಅಂತ ಹೇಳಿದ್ದಾಳೆ. ಹಾಗಾಗಿ ಇಲ್ಲಿ ಅವಳು ಕೃಷ್ಣನೇ.

ಕರಾವಳಿಯವರಿಗೆ ಕಥೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಕೃಷ್ಣ ನದಿಯಲ್ಲಿ ನಿಂತು ಅರ್ಘ್ಯ ಕೊಡುತ್ತಿರುತ್ತಾನೆ. ಆಕಾಶದಲ್ಲಿ ಹೋಗುತ್ತಿದ್ದ ಗಯ ಎಂಬ ಗಂಧರ್ವ ಕೆಳಗೆ ನೋಡದೆ ಉಗುಳುತ್ತಾನೆ. ಅದು ಬಂದು ಕೃಷ್ಣನ ಬೊಗಸೆಗೇ ಬೀಳುತ್ತದೆ. ಕೃಷ್ಣನಿಗೆ ಸಿಟ್ಟು ಬಂದು, ಗಯನನ್ನು ಕೊಲ್ಲುತ್ತೇನೆ ಅಂತ ಶಪಥ ಮಾಡುತ್ತಾನೆ. ಇತ್ತ ಅರ್ಜುನ, ಶತ್ರು ಯಾರು ಅಂತಲೂ ಕೇಳದೆ ಗಯನಿಗೆ ಅಭಯ ಕೊಟ್ಟು ಕೂತಿರುತ್ತಾನೆ. ಅಲ್ಲಿಗೆ ಭಾವ ಭಾವನ ನಡುವೆ ಯುದ್ಧ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ದ್ವೇಷವಿಲ್ಲ. ಆದರೂ ಬಿಲ್ಲು ಹಿಡಿಯಬೇಕು.

ನಮಗೆ ಯಕ್ಷಗಾನ ಕಲಿಸುತ್ತಿದ್ದ ಗುರುಗಳು ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಕಲಿತವರು. 1971ರಲ್ಲಿ ಶುರುವಾದ ಆ ಕೇಂದ್ರಕ್ಕೆ ಬೆನ್ನೆಲುಬಾಗಿ ನಿಂತವರು ಶಿವರಾಮ ಕಾರಂತರು. ಬಯಲಾಟದ ಬಗ್ಗೆ ಕಾರಂತರು ಬರೆದ ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು ಅಂತ ಗುರುಗಳು ತಮಗೇ ಬಂದಷ್ಟು ಖುಷಿಯಿಂದ ಹೇಳುತ್ತಿದ್ದರು. ವೇಷದ ವಿಷಯಕ್ಕೆ ಬಂದರೆ ಮಾತ್ರ ಅವರದು ಬಹಳ ಹಟ. ಬಾಡಿಗೆಗೆ ಸಿಗುವ ವೇಷಗಳು ದೊಡ್ಡವರ ಅಳತೆಯವು. ನಮ್ಮ ಹೆಗಲಿಗೆ ಭುಜಕೀರ್ತಿ ಕಟ್ಟಿದರೆ ಮೊಣಕೈವರೆಗೆ ಜಾರುತ್ತಿತ್ತು. “ನಿಮ್ಮದು ನೀವೇ ಮಾಡಿಕೊಳ್ಳಿ, ಆಗ ಭಾರ ಗೊತ್ತಾಗ್ತದೆ” ಅಂದುಬಿಟ್ಟರು.

ಮೇಳದವರ ಆಭರಣಗಳು ಹಗುರ ಮರದಲ್ಲಿ ಕೆತ್ತಿ, ಮೇಲೆ ಹೊಳೆಯುವ ಬೇಗಡೆ ಹಾಳೆ ಅಂಟಿಸಿ, ಚೂರು ಕನ್ನಡಿ ಕೂರಿಸಿದವು. ನಮಗೆ ಮರ ಎಲ್ಲಿಂದ? ಟಿವಿ ಅಂಗಡಿಯಿಂದ ತಂದ ದಪ್ಪ ರಟ್ಟೇ ಮರ. ಮೈದಾ ಅಂಟಿಗೆ ಸ್ವಲ್ಪ ಮೈಲುತುತ್ತು ಹಾಕಬೇಕು, ಇಲ್ಲದಿದ್ದರೆ ಜಿರಳೆ ತಿನ್ನುತ್ತದೆ. ಇದು ಕೃಷ್ಣನ ಅಜ್ಜಿ ಕೊಟ್ಟ ಸಲಹೆ. ರಟ್ಟು ಕತ್ತರಿಸುವುದು ಅವಳ ಮನೆ ಜಗಲಿಯಲ್ಲಿ, ಕನ್ನಡಿ ಅಂಟಿಸುವುದು ನಮ್ಮ ಮನೆಯಲ್ಲಿ. ಎದೆಕಟ್ಟು, ಭುಜಕೀರ್ತಿ, ಡಾಬು, ಎಲ್ಲಾ ಎರಡೆರಡು ಜೊತೆ. ಅವಳ ಕೈ ನೇರ, ನನ್ನ ಕೈ ವಕ್ರ. ಹಾಗಾಗಿ ಕತ್ತರಿ ಅವಳಿಗೆ.

ಅಷ್ಟರಲ್ಲಿ ದಾರಿ ತಕರಾರು ಬಂತು. ಅವರ ಗದ್ದೆಗೆ ಹೋಗುವ ಕಾಲುದಾರಿ ನಮ್ಮ ತೋಟದ ಅಂಚಿನಲ್ಲಿತ್ತು. ಒಂದು ದಿನ ಬೇಲಿ ಎದ್ದಿತು. ಯಾರು ಎಬ್ಬಿಸಿದರು, ಯಾಕೆ, ಇವತ್ತಿಗೂ ಎರಡು ಮನೆಯಲ್ಲಿ ಎರಡು ಕಥೆ ಇದೆ. ಬಿಡಿ. ನಮ್ಮಿಬ್ಬರಿಗೆ ಆದದ್ದು ಇಷ್ಟೇ: ಆ ಮನೆಗೆ ಹೋಗಬಾರದು, ಆ ಹುಡುಗಿ ಹತ್ತಿರ ಮಾತು ಬೇಡ. ಅವಳ ಮನೆಯಲ್ಲೂ ಅದೇ ಹುಕುಂ. ಕತ್ತರಿಸಿದ ರಟ್ಟೆಲ್ಲ ಅವರಲ್ಲಿ, ಕನ್ನಡಿ ಚೂರೆಲ್ಲ ನಮ್ಮಲ್ಲಿ.

ಬೆಂಚಿನಲ್ಲಿ ನಡುವೆ ಚೀಲ ಬಂದು ಕೂತಿತು. ಮನೆಯವರು ಹೇಳಿದ್ದನ್ನು ನಾವು ಬೇಕಾದ್ದಕ್ಕಿಂತ ಜಾಸ್ತಿಯೇ ಪಾಲಿಸಿದೆವು. ಆ ವಯಸ್ಸಿನಲ್ಲಿ ಹಾಗೇ ಅಲ್ವಾ? ಅವಳೇ ಮೊದಲು ಮಾತಾಡಲಿ ಅಂತ ನಾನು, ನಾನೇ ಮಾತಾಡಲಿ ಅಂತ ಅವಳು. ಆದರೆ ಅಭ್ಯಾಸ ಇತ್ತಲ್ಲ, ಅಲ್ಲಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಹಾಡುವ ಭಾಗವತರು ಪದ ಎತ್ತಿದರೆ ಕುಣಿಯಲೇಬೇಕು, ಮುಗಿದ ಮೇಲೆ ಅರ್ಥ, ಅಂದರೆ ಪದಕ್ಕೆ ತಕ್ಕ ಮಾತು, ಹೇಳಲೇಬೇಕು. “ಭಾವಾ, ಇದೇನು ನಿನ್ನ ಹಟ?” ಅಂತ ಅವಳು ಕೇಳಿದರೆ ನಾನು ಅರ್ಜುನನಾಗಿ ಉತ್ತರ ಕೊಡಬೇಕು. ಗುರುಗಳು ಬರೆದುಕೊಟ್ಟ ಅರ್ಥ ಚಿಕ್ಕದಿತ್ತು. ಅದು ದಿನದಿನಕ್ಕೂ ಉದ್ದವಾಯಿತು. “ಚಿಕ್ಕಂದಿನಿಂದ ಕೂಡಿ ಉಂಡದ್ದು ಮರೆತೆಯಾ?” ಅಂತ ಒಂದು ದಿನ ಅವಳೇ ಸೇರಿಸಿದಳು. “ಮರೆತದ್ದು ನಾನೋ, ನೀನೋ?” ಅಂತ ನಾನೂ ಬಿಡಲಿಲ್ಲ. ಗುರುಗಳು ತಾಳ ಕುಟ್ಟುವುದನ್ನು ನಿಲ್ಲಿಸಿ, ನಮ್ಮಿಬ್ಬರ ಮುಖ ನೋಡಿ, “ಇದು ಇರಲಿ, ಒಳ್ಳೇದುಂಟು” ಅಂದರು. ಅವರೂ ಅದೇ ಊರಿನವರು. ಬೇಲಿ ವಿಷಯ ಅವರಿಗೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ.

ಮರುದಿನ ನನ್ನ ಚೀಲದಲ್ಲಿ ರಟ್ಟಿನ ಭುಜಕೀರ್ತಿಗಳಿದ್ದವು, ಪೇಪರಿನಲ್ಲಿ ಸುತ್ತಿ. ನಾನು ಕನ್ನಡಿ ಅಂಟಿಸಿ ಅವಳ ಚೀಲಕ್ಕೆ ಹಾಕಿದೆ. ಉಳಿದ ಕೆಲಸವೆಲ್ಲ ಹೀಗೇ ನಡೆಯಿತು. ಒಂದು ಎದೆಕಟ್ಟು ಅವಳ ಮನೆಯಿಂದ ಬಂದಾಗ ಅಂಚಿಗೆ ಕೆಂಪು ಉಲ್ಲನ್ನಿನ ಗೊಂಡೆ ಹೊಲಿದಿತ್ತು. ಅದು ನನ್ನ ಅಳತೆಯದ್ದು. ಅವಳದ್ದಕ್ಕೆ ಗೊಂಡೆ ಇರಲಿಲ್ಲ, ಉಲ್ಲನ್ ಸಾಕಾಗಿರಲಿಲ್ಲವಂತೆ. ಇದು ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ.

ಕುಣಿತದಲ್ಲಿ ಬೇರೆಯೇ ಪಾಠ. ಯುದ್ಧದ ಕುಣಿತದಲ್ಲಿ ಇಬ್ಬರೂ ಎದುರುಬದುರು ನಿಂತು ಒಂದೇ ಹೆಜ್ಜೆ ಹಾಕಬೇಕು, ಜಾಗ ಬದಲಿಸಬೇಕು, ಗಿರಕಿ ಹೊಡೆಯಬೇಕು. ಮೊದಮೊದಲು ನಾವು ಒಬ್ಬರ ಮುಖ ಒಬ್ಬರು ನೋಡದೆ ಕುಣಿದೆವು. ಪರಿಣಾಮ, ಬಿಲ್ಲಿಗೆ ಬಿಲ್ಲು ಬಡಿಯಿತು, ಭುಜಕ್ಕೆ ಭುಜ ಬಡಿಯಿತು. “ಜಗಳ ಆಡುವವರು ಕಣ್ಣು ತಪ್ಪಿಸ್ತಾರಾ? ರಾಜಿ ಆಗುವವರು ತಪ್ಪಿಸೋದು!” ಅಂತ ಗುರುಗಳು ಗದರಿದರು. ಕಣ್ಣಿಗೆ ಕಣ್ಣು ಕೊಟ್ಟ ದಿನ ಹೆಜ್ಜೆ ಕೂಡಿತು. ಮಂಡಿ ಅಡಿ ಮಾತ್ರ ಕಷ್ಟ. ಮಂಡಿಯೂರಿ ಗರಗರ ತಿರುಗುವ ಆ ಕುಣಿತ ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ಹೆಮ್ಮೆ. ಮಂಡಿ ಸುಲಿದು ಹೋಗಿತ್ತು. ಅವಳು ಕೊಬ್ಬರಿ ಎಣ್ಣೆ ಬಾಟಲಿ ತಂದು ಮಾತಿಲ್ಲದೆ ನನ್ನ ಪಕ್ಕ ಇಟ್ಟು ಹೋದಳು.

ಆಟದ ರಾತ್ರಿ ಚೌಕಿಯ, ಅಂದರೆ ವೇಷ ಕಟ್ಟುವ ಕೋಣೆಯ ಬಗ್ಗೆ ಹೇಳಲೇಬೇಕು. ತೆಂಕಿನಲ್ಲಿ, ಅಂದರೆ ದಕ್ಷಿಣದ ಶೈಲಿಯಲ್ಲಿ, ಕಿರೀಟ ಸಿದ್ಧವಾಗಿರುತ್ತದೆ, ತಲೆಗೆ ಇಟ್ಟು ಕಟ್ಟಿದರೆ ಆಯಿತು. ಬಡಗಿನ ಮುಂದಲೆ, ಅಂದರೆ ಮುಂಡಾಸಿನಂಥ ತಲೆಯುಡುಗೆ, ಹಾಗಲ್ಲ. ಪ್ರತಿ ಸಲವೂ ತಲೆಯ ಮೇಲೇ ಬಟ್ಟೆ ಸುತ್ತಿ ಸುತ್ತಿ ಕಟ್ಟಬೇಕು, ಮೇಲೆ ಜರಿ ಪಟ್ಟಿ ಎಳೆಯಬೇಕು. ನಮ್ಮಲ್ಲಿದ್ದ ಒಂದೇ ಕಿರೀಟ ಧರ್ಮರಾಯನಿಗೆ ಹೋಗಿತ್ತು. ಹಾಗಾಗಿ ಕೃಷ್ಣಾರ್ಜುನರಿಬ್ಬರಿಗೂ ಮುಂದಲೆಯೇ. ಗುರುಗಳು ನನ್ನ ತಲೆಗೆ ಸುತ್ತುತ್ತಿದ್ದರು. ಬಟ್ಟೆಯ ಇನ್ನೊಂದು ತುದಿ ಎಳೆದು ಹಿಡಿಯಲು ಒಬ್ಬರು ಬೇಕಲ್ಲ. “ಕೃಷ್ಣ ಎಲ್ಲಿದ್ದಾನೆ? ಹಿಡಿಯಲಿ” ಅಂದರು. ಅವಳು ಕೋಣೆಯ ಆ ಬದಿಯಲ್ಲಿ, ಬಾಗಿಲ ಹತ್ತಿರ ನಿಂತು ಹಿಡಿದಳು. ಒಂದೊಂದು ಸುತ್ತಿಗೂ ಬಟ್ಟೆ ಗಿಡ್ಡವಾಗುತ್ತದೆ, ಹಿಡಿದವರು ಒಂದೊಂದು ಹೆಜ್ಜೆ ಮುಂದೆ ಬರಬೇಕು. ಸಡಿಲ ಬಿಟ್ಟರೆ ಗಿರಕಿಯಲ್ಲಿ ಮುಂದಲೆ ಹಾರಿಹೋಗುತ್ತದೆ. ಜಾಸ್ತಿ ಎಳೆದರೆ ತಲೆ ಸಿಡಿಯುತ್ತದೆ. ಬಾಗಿಲಿಂದ ಹೊರಟವಳು ಬರುತ್ತಾ ಬರುತ್ತಾ ನನ್ನ ಕಿವಿ ಹತ್ತಿರ ಬಂದು ನಿಂತಳು. ಮುಖಕ್ಕೆ ಹಚ್ಚಿದ ಬಣ್ಣದ ವಾಸನೆ ಬರುವಷ್ಟು ಹತ್ತಿರ. ಆಗ ನಾನು, “ಭಾವ, ಸ್ವಲ್ಪ ಗಟ್ಟಿ ಹಿಡಿ” ಅಂದೆ. “ಹಿಡಿದೇ ಇದ್ದೇನೆ ಮಾರಾಯ್ತಿ” ಅಂದಳು. ಬೇಲಿ ಎದ್ದ ಮೇಲೆ ವೇಷದ ಹೊರಗೆ ನಾವು ಆಡಿದ ಮೊದಲ ಮಾತು ಇದು. ವೇಷದ ಹೊರಗೆ ಅಂತ ಪೂರ್ತಿ ಹೇಳಲೂ ಆಗದು, ಅರ್ಧ ವೇಷ ಆಗಿತ್ತು.

ಆಟ ಚೆನ್ನಾಗಿ ಆಯಿತು. ಎರಡೂ ಮನೆಯವರು ಬಂದಿದ್ದರು, ಅಂಗಳದ ಎರಡು ಬದಿಯಲ್ಲಿ ಕೂತಿದ್ದರು. ಕೊನೆಗೆ ಈಶ್ವರ ಬಂದು ಯುದ್ಧ ನಿಲ್ಲಿಸುತ್ತಾನೆ. ನಮ್ಮ ಈಶ್ವರ ಏಳನೇ ತರಗತಿಯ ಪುಟ್ಟ ಹುಡುಗಿ. ಚೌಕಿಯಲ್ಲೇ ನಿದ್ದೆ ಮಾಡಿಬಿಟ್ಟಿದ್ದಳು. ಅವಳನ್ನು ಎಬ್ಬಿಸಿ ತರುವವರೆಗೆ ನಾವು ಯುದ್ಧ ಎಳೆದದ್ದೇ ಎಳೆದದ್ದು. ಚೆಂಡೆಯವರು ಬೆವರಿಳಿಸಿಕೊಂಡರು. ಆ ಹೆಚ್ಚುವರಿ ಯುದ್ಧದಲ್ಲಿ ನಮಗೆ ಯಾರೂ ಹೆಜ್ಜೆ ಹೇಳಿಕೊಟ್ಟಿರಲಿಲ್ಲ. ಅವಳು ಎಡಕ್ಕೆ ಹೋದರೆ ನಾನು ಬಲಕ್ಕೆ, ಅವಳು ಕೂತರೆ ನಾನು ನಿಂತೆ. ಸುಮ್ನೆ ಆಗುತ್ತಾ ಹೋಯಿತು.

ಆಮೇಲೆ ಎಲ್ಲಾ ಮೊದಲಿನ ಹಾಗೆ ಆಯಿತು ಅಂದರೆ ಸುಳ್ಳು. ಬೇಲಿ ಹಾಗೇ ಇತ್ತು. ಬೆಂಚಿನ ಚೀಲ ಕೆಳಗಿಳಿಯಿತು, ಆದರೆ ಅವಳ ಮನೆ ಜಗಲಿಗೆ ನಾನು ಮತ್ತೆ ಹೋದದ್ದು ಕಾಲೇಜು ಮುಗಿದ ಮೇಲೆ, ಅವಳ ಅಜ್ಜಿ ತೀರಿಕೊಂಡಾಗ. ಮೊದಲು ನಾವು ಎಲ್ಲವನ್ನೂ ಹೇಳಿಕೊಳ್ಳುವ ಗೆಳತಿಯರು. ಆ ವರ್ಷದ ನಂತರ ಹೇಳದೆಯೂ ನಡೆಯುತ್ತದೆ ಎನ್ನುವ ಬಗೆಯವರಾದೆವು. ಎರಡರಲ್ಲಿ ಯಾವುದು ಒಳ್ಳೆಯದು ಅಂತ ನಾನು ಇನ್ನೂ ತೀರ್ಮಾನಿಸಿಲ್ಲ. ದಾರಿ ತಕರಾರು ಸರ್ವೆ ಆಗಿ ಮುಗಿದಿದೆ.

ಇದನ್ನು ಬರೆದು ಅವಳಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಈಗ ಅವಳು ಮಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ. ರಾತ್ರಿ ಹತ್ತು ಗಂಟೆಗೆ ಉತ್ತರ ಬಂತು: “ಭಾವ, ಎಲ್ಲಾ ಸರಿ. ಮಂಡಿ ಅಡಿಯಲ್ಲಿ ತಾಳ ತಪ್ಪಿದ್ದು ನೀನು ಅಂತ ಯಾಕೆ ಬರೆಯಲಿಲ್ಲ?” ತಪ್ಪಿದ್ದು ನಾನಲ್ಲ. ಆಟದ ವಿಡಿಯೋ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ.